ಆಟದ ನಿಯಮ ಮನೆಯ ಸರ್ವರ್‌ನಲ್ಲಿ: ಹನ್ನೊಂದು ತಪ್ಪು ಕಲ್ಪನೆ, ಹನ್ನೊಂದು ವಾಸ್ತವ

ಮೇಜಿನ ಸುತ್ತ ನಾಲ್ಕೈದು ಮಂದಿ ಕೂತು, ಒಬ್ಬೊಬ್ಬರು ಒಂದೊಂದು ಪಾತ್ರವಾಗಿ, ದಾಳ ಉರುಳಿಸುತ್ತ ಕತೆ ಕಟ್ಟುವ ಆಟಕ್ಕೆ ಟೇಬಲ್‌ಟಾಪ್ ರೋಲ್‌ಪ್ಲೇಯಿಂಗ್ ಎನ್ನುತ್ತಾರೆ. ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ 1974ರಲ್ಲಿ ಹೊರತಂದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಈ ಬಗೆಯ ಆಟಗಳಿಗೆಲ್ಲ ಹಿರಿಯಣ್ಣ. ಆಡಲು ಕೂರುವುದು ಸಲೀಸು, ನಿಯಮ ನೆನಪಿಡುವುದು ಕಷ್ಟ. ಮಂತ್ರ, ರಾಕ್ಷಸ, ಆಯುಧ, ಗಾಯ ಎಲ್ಲಕ್ಕೂ ಪುಟಗಟ್ಟಲೆ ವಿವರ. ಆಟದ ನಡುವೆ ಒಬ್ಬರು ‘ಈ ಮಂತ್ರ ಎಷ್ಟು ಅಡಿ ದೂರಕ್ಕೆ ತಾಗುತ್ತೆ?’ ಎಂದು ಕೇಳಿದರೆ ಎಲ್ಲರ ಕೈಯೂ ಫೋನಿಗೆ ಹೋಗುತ್ತದೆ.

ನಿಯಮ ಹುಡುಕಿಕೊಡುವ ಅಂಥ ವೆಬ್‌ಸೈಟನ್ನು ಬೇರೆಯವರ ಕಂಪ್ಯೂಟರಿನಲ್ಲಿ ನೋಡುವ ಬದಲು ನಮ್ಮದೇ ಯಂತ್ರದಲ್ಲಿ, ಕಂಟೇನರ್ ಒಳಗೆ ಇಟ್ಟುಕೊಳ್ಳಬಹುದು. ಮೈಸೂರು ಜಿಲ್ಲೆಯ ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ತಾಲ್ಲೂಕುಗಳಲ್ಲಿ ಪಟ್ಟಣದ ಮನೆಗೆ ಫೈಬರ್ ಬಂದಿದ್ದರೂ ಕಾಡಂಚಿಗೆ ಹೋದಂತೆ ಸಿಗ್ನಲ್ ಕೈಕೊಡುತ್ತದೆ. ಮಳೆಗಾಲದಲ್ಲಿ ಕರೆಂಟೂ ಹಾಗೇ. ಹೀಗಾಗಿ ಇಲ್ಲಿನವರಿಗೆ ಇದು ಬರೀ ಹವ್ಯಾಸವಲ್ಲ, ಉಪಯೋಗಕ್ಕೆ ಬರುವ ಕೆಲಸ. ಆದರೆ ಈ ಬಗ್ಗೆ ಕೇಳಿಬರುವ ಮಾತುಗಳಲ್ಲಿ ಅರ್ಧ ಅನಗತ್ಯ ಹೆದರಿಕೆ, ಇನ್ನರ್ಧ ಅನಗತ್ಯ ಧೈರ್ಯ. ಎರಡನ್ನೂ ಒಂದೊಂದಾಗಿ ನೋಡೋಣ.

ತಪ್ಪು ಕಲ್ಪನೆ 1: “ಇದು ಬೆಂಗಳೂರಿನ ಹುಡುಗರ ಆಟ. ನಮ್ಮ ಕಡೆಗೂ ಇದಕ್ಕೂ ಏನು ಸಂಬಂಧ?”

ವಾಸ್ತವ: ಈ ಆಟ ಹೊರಗಿನಿಂದ ಬಂದದ್ದು ನಿಜ. ಆದರೆ ಆಟಗಳ ವಿವರವನ್ನು ಒಂದೆಡೆ ಕೂಡಿಡುವ ಕೆಲಸ ಮೈಸೂರು ಸೀಮೆಗೆ ಹೊಸದಲ್ಲ. ಮುಮ್ಮಡಿ ಕೃಷ್ಣರಾಜ ಒಡೆಯರ್ (1794–1868) ಅವರ ‘ಶ್ರೀತತ್ತ್ವನಿಧಿ’ ಗ್ರಂಥದ ಒಂಬತ್ತು ನಿಧಿಗಳಲ್ಲಿ ‘ಕೌತುಕನಿಧಿ’ ಒಂದು. ಮಣೆ ಆಟ, ಎಲೆ ಆಟಗಳಿಗೆ ಅದರಲ್ಲಿ ಜಾಗ ಸಿಕ್ಕಿದೆ. ಗಂಜೀಫಾ ಎಲೆಗಳಲ್ಲಿ ಹೊಸ ಆಟಗಳನ್ನೇ ಹೊಸೆದ ಅರಸರು ಅವರು. ಈಚಿನ ವರ್ಷಗಳಲ್ಲಿ ಮೈಸೂರಿನ ರಾಮ್‌ಸನ್ಸ್ ಕಲಾ ಪ್ರತಿಷ್ಠಾನ ‘ಕ್ರೀಡಾ ಕೌಶಲ್ಯ’ ಪ್ರದರ್ಶನಗಳ ಮೂಲಕ ಚೌಕಾಬಾರ, ಅಳಗುಳಿ ಮಣೆ, ಆಡು–ಹುಲಿಯಂಥ ಆಟಗಳನ್ನು ಮತ್ತೆ ಜನರ ಮುಂದಿಟ್ಟಿದೆ.

ಪಾತ್ರವಾಗಿ ಮಾತಾಡುವುದೂ ಕನ್ನಡಿಗರಿಗೆ ಹೇಳಿಕೊಡಬೇಕಾದ ವಿದ್ಯೆಯಲ್ಲ. ತಾಳಮದ್ದಳೆಯ ಅರ್ಥಧಾರಿ ವೇಷವಿಲ್ಲದೆ ಕೂತಲ್ಲೇ ಕರ್ಣನಾಗುತ್ತಾನೆ, ಪ್ರಸಂಗದ ಚೌಕಟ್ಟಿನೊಳಗೆ ಮಾತನ್ನು ಅಲ್ಲೇ ಹೊಸೆಯುತ್ತಾನೆ. ಈ ಆಟದಲ್ಲಿ ಪ್ರಸಂಗವನ್ನು ನಡೆಸುವವರಿಗೆ ಡಂಜನ್ ಮಾಸ್ಟರ್ ಎಂದು ಹೆಸರು. ಗೆಲುವು ಸೋಲನ್ನು ಇಪ್ಪತ್ತು ಮುಖದ ದಾಳ ಹೇಳುತ್ತದೆ. ವ್ಯತ್ಯಾಸ ಇಷ್ಟೇ.

ತಪ್ಪು ಕಲ್ಪನೆ 2: “ಕಂಟೇನರ್ ಅಂದರೆ ಕಂಪ್ಯೂಟರ್ ಒಳಗೆ ಇನ್ನೊಂದು ಕಂಪ್ಯೂಟರ್.”

ವಾಸ್ತವ: ಅದು ವರ್ಚುಯಲ್ ಮಷೀನ್. ಅದರಲ್ಲಿ ಇಡೀ ಆಪರೇಟಿಂಗ್ ಸಿಸ್ಟಮ್ ಬೇರೆಯಾಗಿ ಓಡುತ್ತದೆ, ಮೆಮೊರಿಯನ್ನೂ ಅಷ್ಟೇ ತಿನ್ನುತ್ತದೆ. ಕಂಟೇನರ್ ಹಾಗಲ್ಲ. ನಿಮ್ಮ ಯಂತ್ರದ ಲಿನಕ್ಸ್ ಕರ್ನಲ್ ಒಂದೇ, ಅದನ್ನೇ ಎಲ್ಲ ಕಂಟೇನರ್‌ಗಳೂ ಹಂಚಿಕೊಳ್ಳುತ್ತವೆ. ಯಾರಿಗೆ ಯಾವ ಫೈಲು, ಯಾವ ನೆಟ್‌ವರ್ಕ್ ಕಾಣಬೇಕು ಎಂಬುದನ್ನು ಕರ್ನಲ್‌ನ ನೇಮ್‌ಸ್ಪೇಸ್‌ಗಳೂ, ಎಷ್ಟು ಮೆಮೊರಿ ಸಿಗಬೇಕು ಎಂಬುದನ್ನು ಸಿಗ್ರೂಪ್‌ಗಳೂ ನೋಡಿಕೊಳ್ಳುತ್ತವೆ. ಈ ತಂತ್ರ ಲಿನಕ್ಸ್‌ನಲ್ಲಿ ಮೊದಲೇ ಇತ್ತು. 2013ರಲ್ಲಿ ಸಾಲೊಮನ್ ಹೈಕ್ಸ್ ತಂಡ ತಂದ ಡಾಕರ್ ಅದನ್ನು ಎಲ್ಲರ ಕೈಗೆಟುಕುವಂತೆ ಮಾಡಿತು. ಪಾಡ್‌ಮನ್ ಎಂಬುದೂ ಅದೇ ಕೆಲಸ ಮಾಡುತ್ತದೆ.

ಇಮೇಜ್, ಕಂಟೇನರ್ ಎಂಬ ಎರಡು ಪದ ಬೆರೆಸಿಕೊಂಡವರೇ ಹೆಚ್ಚು. ಇಮೇಜ್ ಎಂದರೆ ಬದಲಾಗದ ಮೂಲಪ್ರತಿ: ವೆಬ್ ಸರ್ವರ್, ಸೈಟಿನ ಫೈಲುಗಳು, ಎಲ್ಲ ಸೇರಿದ ಒಂದು ಗಂಟು. ಅದನ್ನು ಬಿಚ್ಚಿ ಓಡಿಸಿದಾಗ ಸಿಗುವುದು ಕಂಟೇನರ್. ಬೇಡವೆಂದರೆ ಅಳಿಸಿ, ಅದೇ ಇಮೇಜಿನಿಂದ ಮತ್ತೊಂದನ್ನು ಕ್ಷಣದಲ್ಲಿ ಎಬ್ಬಿಸಬಹುದು. ಕಂಟೇನರ್ ಇರುವುದೇ ಎಸೆಯಲಿಕ್ಕೆ. ಈ ಒಂದು ಮಾತು ಮನಸ್ಸಿನಲ್ಲಿದ್ದರೆ ಮುಂದಿನ ಹಲವು ತಪ್ಪುಗಳು ತಾವಾಗಿ ತಪ್ಪುತ್ತವೆ.

ಒಂದು ಎಚ್ಚರಿಕೆ: ವಿಂಡೋಸ್‌ನಲ್ಲಿ ಡಾಕರ್ ಡೆಸ್ಕ್‌ಟಾಪ್ ಹಾಕಿದರೆ ಹಿಂಬದಿಯಲ್ಲಿ ಲಿನಕ್ಸ್‌ನ ವರ್ಚುಯಲ್ ಮಷೀನೇ ಓಡುತ್ತದೆ. 4 ಜಿಬಿ ಮೆಮೊರಿಯ ಹಳೇ ಲ್ಯಾಪ್‌ಟಾಪ್ ಅಲ್ಲಿ ಏದುಸಿರು ಬಿಡುತ್ತದೆ. ಅದೇ ಯಂತ್ರಕ್ಕೆ ಉಬುಂಟು ಅಥವಾ ಡೆಬಿಯನ್ ಹಾಕಿದರೆ ಹಾಯಾಗಿ ಓಡುತ್ತದೆ.

ತಪ್ಪು ಕಲ್ಪನೆ 3: “ಸರ್ವರ್ ಅಂದರೆ ಲಕ್ಷ ರೂಪಾಯಿ ಮಷೀನು, ತಿಂಗಳ ಕರೆಂಟ್ ಬಿಲ್ಲೇ ನಮ್ಮನ್ನು ಮುಗಿಸುತ್ತೆ.”

ವಾಸ್ತವ: ನಿಯಮ ಹುಡುಕುವ ಸೈಟು ಬಹುಪಾಲು ಸ್ಥಿರ ಫೈಲುಗಳ ಕಂತೆ. ಸರ್ವರ್ ಲೆಕ್ಕ ಹಾಕುವುದಿಲ್ಲ, ಡೇಟಾಬೇಸ್ ಕೆದಕುವುದಿಲ್ಲ; ಕೇಳಿದ ಫೈಲನ್ನು ಎತ್ತಿಕೊಡುತ್ತದೆ, ಅಷ್ಟೇ. ಹುಡುಕುವ, ಸೋಸುವ ಕೆಲಸವೆಲ್ಲ ನಿಮ್ಮ ಫೋನಿನ ಬ್ರೌಸರ್ ಒಳಗೆ ನಡೆಯುತ್ತದೆ. ಎಂಜಿನ್‌ಎಕ್ಸ್ ಎಂಬ ವೆಬ್ ಸರ್ವರ್‌ನ ಆಲ್ಪೈನ್ ಇಮೇಜಿನ ಗಾತ್ರ ಹತ್ತಾರು ಎಂಬಿ, ಅಷ್ಟೇ. ಮೇಜಿನ ಸುತ್ತ ಕೂತ ಆರು ಜನರಿಗೆ ಅದು ಬೆವರುವುದೇ ಇಲ್ಲ.

ಕರೆಂಟಿನ ಲೆಕ್ಕ ಬೆರಳೆಣಿಕೆಯದು. 5 ವ್ಯಾಟ್ ಎಳೆಯುವ ರಾಸ್ಪ್‌ಬೆರಿ ಪೈ ಹಗಲೂ ರಾತ್ರಿ 30 ದಿನ ಓಡಿದರೆ 3.6 ಯೂನಿಟ್. ಪರದೆ ಮುಚ್ಚಿಟ್ಟ ಹಳೇ ಲ್ಯಾಪ್‌ಟಾಪ್ 15 ವ್ಯಾಟ್ ಎಳೆದರೂ 10.8 ಯೂನಿಟ್. ಎರಡರಲ್ಲಿ ಯಾವುದು ಎಂದರೆ ನಮ್ಮ ಕಡೆಗೆ ಲ್ಯಾಪ್‌ಟಾಪೇ ಮೇಲು. ಅದರ ಬ್ಯಾಟರಿಯೇ ಯುಪಿಎಸ್ ಆಗುತ್ತದೆ. ಆದರೆ ಸದಾ ಚಾರ್ಜಿಗೆ ಹಾಕಿಟ್ಟ ಬ್ಯಾಟರಿ ಉಬ್ಬುವುದುಂಟು. ಚಾರ್ಜಿನ ಮಿತಿಯನ್ನು ಶೇ 80ಕ್ಕೆ ನಿಲ್ಲಿಸುವ ಸೌಲಭ್ಯವಿದ್ದರೆ ಬಳಸಿ. ಉಬ್ಬಿದ್ದು ಕಂಡರೆ ಆ ದಿನವೇ ತೆಗೆಸಿ.

ರಾಸ್ಪ್‌ಬೆರಿ ಪೈ ಕೊಳ್ಳುವವರು ಇನ್ನೊಂದನ್ನು ಗಮನಿಸಬೇಕು. ಅದರ ಪ್ರೊಸೆಸರ್ ಆರ್ಮ್ ಬಗೆಯದು. ಲ್ಯಾಪ್‌ಟಾಪಿನ ಇಂಟೆಲ್ ಅಥವಾ ಎಎಂಡಿ ಪ್ರೊಸೆಸರಿಗೆ ಮಾತ್ರ ಕಟ್ಟಿದ ಇಮೇಜನ್ನು ಅದರ ಮೇಲೆ ಓಡಿಸಿದರೆ ‘ಎಕ್ಸೆಕ್ ಫಾರ್ಮ್ಯಾಟ್ ಎರರ್’ ಎಂದು ಹೇಳಿ ಕೂರುತ್ತದೆ. ಯಂತ್ರ ಕೆಟ್ಟಿಲ್ಲ, ಇಮೇಜ್ ಬೇರೆ ಜಾತಿಯದು. ಆರ್ಮ್‌ಗೂ ಕಟ್ಟಿದ ಇಮೇಜ್ ಇದೆಯೇ ಎಂದು ಮೊದಲೇ ನೋಡಿಕೊಳ್ಳಿ.

ತಪ್ಪು ಕಲ್ಪನೆ 4: “ನೆಟ್ ಇಲ್ಲದಿದ್ದರೆ ವೆಬ್‌ಸೈಟೂ ಇಲ್ಲ.”

ವಾಸ್ತವ: ಸ್ವಂತ ಸರ್ವರ್ ಇಡುವುದರ ದೊಡ್ಡ ಲಾಭವೇ ಇದು. ಸರ್ವರ್, ರೂಟರ್, ಫೋನ್ ಮೂರೂ ಒಂದೇ ಮನೆಯಲ್ಲಿದ್ದರೆ ಹೊರಗಿನ ಇಂಟರ್ನೆಟ್ ಬೇಕಿಲ್ಲ. ಬ್ರೌಸರಿನಲ್ಲಿ 192.168.1.20:8080 ಎಂಬಂಥ ವಿಳಾಸ (ಕೊನೆಯ 8080 ಪೋರ್ಟ್ ಸಂಖ್ಯೆ) ಹಾಕಿದರೆ ಪುಟ ತೆರೆಯುತ್ತದೆ. ಕಬಿನಿ ಹಿನ್ನೀರಿನ ಆಚೆ ಗೆಳೆಯನ ತೋಟದಲ್ಲಿ ಆಟಕ್ಕೆ ಕೂತರೂ ಲ್ಯಾಪ್‌ಟಾಪ್ ಮತ್ತು ಒಂದು ಚಿಕ್ಕ ರೂಟರ್ ಒಯ್ದರೆ ಸಾಕು.

ಇದನ್ನು ಊರ ಮಟ್ಟದಲ್ಲಿ ಮಾಡಿ ತೋರಿಸಿದವರು ನಮ್ಮ ರಾಜ್ಯದಲ್ಲೇ ಇದ್ದಾರೆ. ತುಮಕೂರು ಜಿಲ್ಲೆಯ ದೇವರಾಯನದುರ್ಗದ ಸುತ್ತ ಜನಸ್ತು ಸಂಸ್ಥೆ ಸಮುದಾಯದ್ದೇ ಆದ ವೈಫೈ ಮೆಶ್ ಜಾಲ ಕಟ್ಟಿ, ಊರಿನವರ ದನಿ, ಊರಿನವರ ಕತೆ ಊರೊಳಗೇ ಸಿಗುವಂತೆ ಮಾಡಲು ದುಡಿದಿದೆ. ಇನ್ನು ಕೀವಿಕ್ಸ್ ಎಂಬ ಮುಕ್ತ ತಂತ್ರಾಂಶವಿದೆ. ಕನ್ನಡ ವಿಕಿಪೀಡಿಯವನ್ನೇ ಒಂದು ಫೈಲಾಗಿ ಇಳಿಸಿಕೊಂಡು, ಅದನ್ನೂ ಕಂಟೇನರ್‌ನಲ್ಲಿಟ್ಟು ಮನೆಯೊಳಗೆ ಹಂಚಬಹುದು. ಗ್ರಾಮ ಪಂಚಾಯಿತಿಯ ಅರಿವು ಕೇಂದ್ರಕ್ಕೋ ಶಾಲೆಯ ಲ್ಯಾಬಿಗೋ ಆಟದ ಸೈಟಿಗಿಂತ ಇದೇ ಹೆಚ್ಚು ಒಪ್ಪೀತು. ಮಾಡುವ ವಿಧಾನ ಮಾತ್ರ ಅದೇ.

ನೆಟ್ ಇಲ್ಲದೆ ಸೈಟು ನಡೆಸುವಾಗ ಮೂರು ಕಡೆ ಎಡವುವುದುಂಟು. ಒಂದು, ಫೋನು. ವೈಫೈನಲ್ಲಿ ಇಂಟರ್ನೆಟ್ ಇಲ್ಲವೆಂದು ಗೊತ್ತಾದೊಡನೆ ಎಷ್ಟೋ ಫೋನುಗಳು ಸದ್ದಿಲ್ಲದೆ ಮೊಬೈಲ್ ಡೇಟಾಕ್ಕೆ ಜಿಗಿಯುತ್ತವೆ. ಮೇಲೆ ವೈಫೈ ಗುರುತು ಕಾಣುತ್ತಲೇ ಇರುತ್ತದೆ, ಪುಟ ಮಾತ್ರ ತೆರೆಯುವುದಿಲ್ಲ. ಬಡಪಾಯಿ ಸರ್ವರನ್ನು ಮೂರು ಸಲ ರೀಸ್ಟಾರ್ಟ್ ಮಾಡುವ ಮೊದಲು ಫೋನಿನ ಮೊಬೈಲ್ ಡೇಟಾ ಆಫ್ ಮಾಡಿ ನೋಡಿ. ಎರಡು, ಸೈಟೇ ಹೊರಗಿನಿಂದ ಫಾಂಟನ್ನೋ ಚಿತ್ರವನ್ನೋ ತರಿಸಿಕೊಳ್ಳುತ್ತಿರಬಹುದು. ಒಮ್ಮೆ ರೂಟರಿನಿಂದ ನೆಟ್ ಕೇಬಲ್ ಕಿತ್ತು ಇಡೀ ಸೈಟು ತಿರುವಿ ಹಾಕಿದರೆ ಕೊರತೆ ಎದ್ದು ಕಾಣುತ್ತದೆ. ಮೂರು, ಮೊದಲ ಸಲ ಇಮೇಜ್ ಇಳಿಸಿಕೊಳ್ಳಲು ನೆಟ್ ಬೇಕೇ ಬೇಕು. ಚಿತ್ರಗಳೆಲ್ಲ ಸೇರಿದರೆ ಇಂಥ ಸೈಟುಗಳು ಜಿಬಿಗಟ್ಟಲೆ ಆಗುತ್ತವೆ. ಮೈಸೂರಿನಲ್ಲಿ ನೆಟ್ ಚೆನ್ನಾಗಿರುವ ಕಡೆ ಇಳಿಸಿ, ‘ಡಾಕರ್ ಸೇವ್’ ಮೂಲಕ ಒಂದೇ ಫೈಲು ಮಾಡಿ ಪೆನ್‌ಡ್ರೈವಿಗೆ ಹಾಕಿ, ಊರಿಗೆ ತಂದು ‘ಡಾಕರ್ ಲೋಡ್’ ಮಾಡಬಹುದು.

ತಪ್ಪು ಕಲ್ಪನೆ 5: “ಹೊರಗಿನವರಿಗೂ ಕಾಣಬೇಕಾದರೆ ರೂಟರಿನಲ್ಲಿ ಪೋರ್ಟ್ ಫಾರ್ವರ್ಡ್ ಮಾಡಿದರಾಯಿತು.”

ವಾಸ್ತವ: ಮೊಬೈಲ್ ಡೇಟಾದಲ್ಲೂ ಎಷ್ಟೋ ಫೈಬರ್ ಸಂಪರ್ಕಗಳಲ್ಲೂ ನಿಮಗೆ ಸ್ವಂತ ಸಾರ್ವಜನಿಕ ಐಪಿ ವಿಳಾಸ ಸಿಗುವುದಿಲ್ಲ. ಒಂದೇ ವಿಳಾಸವನ್ನು ಹಲವಾರು ಗ್ರಾಹಕರಿಗೆ ಹಂಚುವ ಸಿಜಿನ್ಯಾಟ್ ವ್ಯವಸ್ಥೆ ಅಲ್ಲಿರುತ್ತದೆ. ಹೊರಗಿನಿಂದ ಬಂದ ಕೋರಿಕೆ ಕಂಪನಿಯ ಬಾಗಿಲಲ್ಲೇ ನಿಲ್ಲುತ್ತದೆ. ನಿಮ್ಮ ರೂಟರಿನಲ್ಲಿ ಏನು ಬದಲಿಸಿದರೂ ಅದಕ್ಕೆ ತಾಗದು. ತಿಳಿದುಕೊಳ್ಳುವುದು ಸುಲಭ. ರೂಟರಿನ ಪುಟದಲ್ಲಿ ವ್ಯಾನ್ ಐಪಿ ಎಂದಿರುವ ಕಡೆ ನೋಡಿ. ಅದು 100.64ರಿಂದ 100.127ರೊಳಗೆ ಶುರುವಾಗುತ್ತಿದ್ದರೆ ಸಿಜಿನ್ಯಾಟ್ ಎಂದೇ ಅರ್ಥ.

ದಾರಿ ಎರಡು. ವೈರ್‌ಗಾರ್ಡ್ ಆಧರಿಸಿದ ಟೇಲ್‌ಸ್ಕೇಲ್‌ನಂಥ ಖಾಸಗಿ ಜಾಲ ಹಾಕಿಕೊಂಡರೆ ಸಿಜಿನ್ಯಾಟ್ ಇದ್ದರೂ ನಿಮ್ಮ ಗುಂಪಿನವರ ಫೋನುಗಳು ಮಾತ್ರ ಮನೆಯ ಸರ್ವರ್ ತಲುಪುತ್ತವೆ. ದುಬೈಗೋ ನ್ಯೂಜೆರ್ಸಿಗೋ ಹೋದ ಗೆಳೆಯ ಶನಿವಾರ ವಿಡಿಯೊ ಕಾಲ್‌ನಲ್ಲಿ ಆಟಕ್ಕೆ ಕೂರುತ್ತಾನೆ ಎಂದಾದರೆ ಇಷ್ಟು ಸಾಕು. ಇನ್ನೊಂದು, ಕ್ಲೌಡ್‌ಫ್ಲೇರ್ ಟನಲ್‌ನಂಥದ್ದು. ಅದು ಸೈಟನ್ನು ಇಡೀ ಲೋಕಕ್ಕೆ ತೆರೆಯಬಲ್ಲದು. ಆದರೆ ಲೋಕಕ್ಕೆ ತೆರೆಯುವ ಮುನ್ನ ಮುಂದಿನ ಅಂಶವನ್ನೂ ಒಂಬತ್ತನೆಯ ಅಂಶವನ್ನೂ ಓದಿಕೊಳ್ಳುವುದು ಲೇಸು. ಆರು ಜನರ ಆಟಕ್ಕೆ ಲೋಕ ಯಾಕೆ ಬೇಕು ಎಂಬ ಪ್ರಶ್ನೆಯೂ ಇದೆ.

ತಪ್ಪು ಕಲ್ಪನೆ 6: “ಕಂಟೇನರ್ ಒಳಗಿದೆ ಅಂದಮೇಲೆ ಭದ್ರ.”

ವಾಸ್ತವ: ಕಂಟೇನರ್ ಬೇಲಿ ಹೌದು, ಕೋಟೆಯಲ್ಲ. ಕರ್ನಲ್ ಒಂದೇ ಆದ್ದರಿಂದ ಅದರಲ್ಲಿ ಬಿರುಕು ಸಿಕ್ಕರೆ ಒಳಗಿನದು ಹೊರಗೆ ಬರಬಹುದು. ಅದಕ್ಕಿಂತ ಹೆಚ್ಚಾಗಿ ಅಪಾಯ ಬರುವುದು ನಾವೇ ತೆರೆದಿಟ್ಟ ಬಾಗಿಲಿನಿಂದ.

ಬಾಡಿಗೆಯ ಕ್ಲೌಡ್ ಸರ್ವರ್‌ನಲ್ಲಿ ಇಟ್ಟವರಿಗೆ ಇದು ಮುಖ್ಯ. ಉಬುಂಟುವಿನ ಯುಎಫ್‌ಡಬ್ಲ್ಯು ಫೈರ್‌ವಾಲ್‌ನಲ್ಲಿ 8080 ಮುಚ್ಚಿದ್ದೇನೆ ಎಂದು ನಿಶ್ಚಿಂತೆಯಿಂದ ಇರುತ್ತೀರಿ. ಆದರೆ ಡಾಕರ್ ಪೋರ್ಟ್ ತೆರೆಯುವಾಗ ಐಪಿಟೇಬಲ್ಸ್‌ನಲ್ಲಿ ತನ್ನದೇ ನಿಯಮ ಬರೆದುಕೊಳ್ಳುತ್ತದೆ. ಯುಎಫ್‌ಡಬ್ಲ್ಯು ಹೇಳಿದ್ದು ಅದಕ್ಕೆ ತಾಗುವುದಿಲ್ಲ. ಮುಚ್ಚಿದೆ ಎಂದುಕೊಂಡ ಬಾಗಿಲು ತೆರೆದೇ ಇರುತ್ತದೆ. ಪೋರ್ಟ್ ಸಾಲಿನಲ್ಲಿ 8080:80 ಎಂದು ಬರೆಯುವ ಬದಲು 127.0.0.1:8080:80 ಎಂದು ಬರೆದರೆ ಆ ಯಂತ್ರದ ಒಳಗಿನವರಿಗೆ ಮಾತ್ರ ತೆರೆಯುತ್ತದೆ. ಹೊರಗಿನವರನ್ನು ಒಳಬಿಡುವ ಕೆಲಸವನ್ನು ಕ್ಯಾಡಿಯಂಥ ರಿವರ್ಸ್ ಪ್ರಾಕ್ಸಿಗೆ, ಪಾಸ್‌ವರ್ಡ್ ಸಮೇತ ವಹಿಸಬಹುದು. ಎಚ್‌ಟಿಟಿಪಿಎಸ್ ಪ್ರಮಾಣಪತ್ರವನ್ನೂ ಅದೇ ತಂದು, ಅದೇ ನವೀಕರಿಸುತ್ತದೆ.

ಇನ್ನೆರಡು ಮಾತು. ಡಾಕರ್ ಗುಂಪಿಗೆ ಸೇರಿಸಿದ ಬಳಕೆದಾರನ ಕೈಗೆ ಇಡೀ ಯಂತ್ರದ ರೂಟ್ ಅಧಿಕಾರ ಕೊಟ್ಟಂತೆಯೇ. ಮತ್ತು ಯಾವುದೋ ವಿಡಿಯೊದಲ್ಲಿ ಹೇಳಿದರೆಂದು ಡಾಕರ್ ಸಾಕೆಟ್ ಫೈಲನ್ನು, ಅಂದರೆ ಡಾಕರ್‌ಗೇ ಆಜ್ಞೆ ಕೊಡುವ ದಾರಿಯನ್ನು, ಕಂಟೇನರ್ ಒಳಗೆ ಕೊಡಬೇಡಿ. ಸ್ಥಿರ ಸೈಟೊಂದಕ್ಕೆ ಅದರ ಅಗತ್ಯ ಖಂಡಿತ ಇಲ್ಲ.

ತಪ್ಪು ಕಲ್ಪನೆ 7: “ನಾನು ಸೇವ್ ಮಾಡಿದ್ದೆಲ್ಲ ಸರ್ವರ್‌ನಲ್ಲೇ ಇರುತ್ತೆ.”

ವಾಸ್ತವ: ಆಟಗಾರರ ಕಣ್ಣಲ್ಲಿ ನೀರು ತರಿಸುವುದು ಇದೇ. ನಿಯಮ ಹುಡುಕುವ ಸೈಟುಗಳಲ್ಲಿ ಹಲವು, ನೀವು ಗುರುತು ಹಾಕಿಕೊಂಡ ಮಂತ್ರಗಳನ್ನೂ ಸೇರಿಸಿಕೊಂಡ ಸ್ವಂತ ರಾಕ್ಷಸರನ್ನೂ ಸರ್ವರ್‌ಗೆ ಕಳಿಸುವುದೇ ಇಲ್ಲ. ಅವನ್ನು ನಿಮ್ಮ ಫೋನಿನ ಬ್ರೌಸರ್ ಒಳಗೇ ಬರೆದಿಡುತ್ತವೆ. ಬ್ರೌಸರ್ ಆ ಕಡತವನ್ನು ಸೈಟಿನ ವಿಳಾಸ ಮತ್ತು ಪೋರ್ಟ್ ಸೇರಿಸಿ ಗುರುತಿಟ್ಟುಕೊಳ್ಳುತ್ತದೆ. ಮಳೆಗೆ ಕರೆಂಟ್ ಹೋಗಿ ಬಂತು, ರೂಟರ್ ಈ ಸಲ 192.168.1.20ರ ಬದಲು 192.168.1.35 ಕೊಟ್ಟಿತು ಎನ್ನಿ. ಹೊಸ ವಿಳಾಸದಲ್ಲಿ ಸೈಟು ತೆರೆದರೆ ಪಟ್ಟಿ ಖಾಲಿ. ಸರ್ವರ್ ತಿಂದುಹಾಕಿತು ಎಂದು ಬೈಯುವವರಿದ್ದಾರೆ. ಹಳೆಯದು ಹಳೇ ವಿಳಾಸದ ಹೆಸರಿನಲ್ಲಿ ಫೋನಿನಲ್ಲೇ ಕೂತಿದೆ.

ಮದ್ದು ಸರಳ. ರೂಟರಿನಲ್ಲಿ ಆ ಯಂತ್ರಕ್ಕೆ ಒಂದೇ ಐಪಿ ಕಾಯಂ ಮಾಡಿ, ಪೋರ್ಟ್ ಬದಲಿಸಬೇಡಿ. ಪ್ರತಿ ಆಟ ಮುಗಿದ ಮೇಲೆ ಸೈಟಿನ ಎಕ್ಸ್‌ಪೋರ್ಟ್ ಗುಂಡಿ ಒತ್ತಿ ಫೈಲನ್ನು ಬೇರೆ ಕಡೆ ಇಡಿ.

ಸರ್ವರ್ ಬದಿಯಲ್ಲಿ ನೀವು ಬರೆದಿಟ್ಟ ಫೈಲುಗಳಿಗೂ ಒಂದು ನಿಯಮವಿದೆ. ಕಂಟೇನರ್ ಒಳಗೆ ನೇರವಾಗಿ ಬರೆದದ್ದು ಕಂಟೇನರ್ ಅಳಿಸಿದ ದಿನ ಅದರೊಂದಿಗೇ ಹೋಗುತ್ತದೆ. ಯಂತ್ರದ ಒಂದು ಫೋಲ್ಡರನ್ನು ವಾಲ್ಯೂಮ್ ಆಗಿ ಕಂಟೇನರ್‌ಗೆ ಜೋಡಿಸಿ, ಬರೆಯುವುದನ್ನೆಲ್ಲ ಅಲ್ಲಿಡಿ. ಆಗ ಕಂಟೇನರ್ ಹತ್ತು ಸಲ ಎಸೆದರೂ ನಿಮ್ಮ ಕತೆ ಉಳಿಯುತ್ತದೆ. ಆ ಫೋಲ್ಡರಿನ ಇನ್ನೊಂದು ಪ್ರತಿ ಬೇರೆ ಡಿಸ್ಕಿನಲ್ಲಿ, ಮತ್ತೊಂದು ಬೇರೆ ಮನೆಯಲ್ಲಿ ಇರಲಿ.

ತಪ್ಪು ಕಲ್ಪನೆ 8: “ಲೇಟೆಸ್ಟ್ ಅಂತ ಹಾಕಿದ್ದೀನಲ್ಲ, ಅದೇ ಅಪ್‌ಡೇಟ್ ಆಗ್ತಿರುತ್ತೆ.”

ವಾಸ್ತವ: ಲೇಟೆಸ್ಟ್ ಎಂಬುದು ಇಮೇಜಿಗೆ ಅಂಟಿಸಿದ ಬರೀ ಚೀಟಿ. ನೀವು ಇಳಿಸಿಕೊಂಡ ದಿನ ಆ ಚೀಟಿ ಯಾವುದಕ್ಕೆ ಅಂಟಿತ್ತೋ ಅದೇ ನಿಮ್ಮ ಯಂತ್ರದಲ್ಲಿ ಉಳಿಯುತ್ತದೆ. ಹೊಸದು ಬೇಕಾದರೆ ಮತ್ತೆ ಪುಲ್ ಮಾಡಬೇಕು, ಹಳೇ ಕಂಟೇನರ್ ತೆಗೆದು ಹೊಸದನ್ನು ಎಬ್ಬಿಸಬೇಕು. ನಿಮಗೆ ಒಗ್ಗಿದ ಆವೃತ್ತಿಯ ಸಂಖ್ಯೆಯನ್ನೇ, ಕಂಟೇನರ್ ಹೇಗೆ ಓಡಬೇಕೆಂದು ಹೇಳುವ ಕಂಪೋಸ್ ಫೈಲಿನಲ್ಲಿ ಬರೆದಿಡುವುದು ಮೇಲು. ನಾಳೆ ಹೊಸ ಆವೃತ್ತಿ ಕೈಕೊಟ್ಟರೆ ಸಂಖ್ಯೆ ತಿದ್ದಿ ಹಿಂದಕ್ಕೆ ಬರಬಹುದು. ಆಟದ ದಿನ ಬೆಳಿಗ್ಗೆ ಅಪ್‌ಡೇಟ್ ಮಾಡಬಾರದು ಎಂಬುದನ್ನು ಬೇರೆ ಹೇಳಬೇಕಿಲ್ಲ.

ತಪ್ಪು ಕಲ್ಪನೆ 9: “ಪುಸ್ತಕ ದುಡ್ಡು ಕೊಟ್ಟು ತಂದಿದ್ದೇನೆ, ಸರ್ವರ್ ನನ್ನದು. ಕೇಳೋರ್ಯಾರು?”

ವಾಸ್ತವ: ಯಂತ್ರ ನಿಮ್ಮದು, ಪಠ್ಯ ನಿಮ್ಮದಲ್ಲ. ಪುಸ್ತಕ ಕೊಂಡರೆ ಓದುವ ಹಕ್ಕು ಬರುತ್ತದೆ. ಪ್ರತಿ ಮಾಡಿ ಊರಿಗೆಲ್ಲ ಹಂಚುವ ಹಕ್ಕು ಬರುವುದಿಲ್ಲ. 1957ರ ನಮ್ಮ ಕೃತಿಸ್ವಾಮ್ಯ ಕಾಯ್ದೆ ಕಂಟೇನರ್ ಒಳಗಿನ ಫೈಲಿಗೂ ಅನ್ವಯಿಸುತ್ತದೆ. ಯಾರೋ ಎಲ್ಲ ಪುಸ್ತಕಗಳನ್ನೂ ತುಂಬಿಸಿದ ಇಮೇಜನ್ನು ಪುಕ್ಕಟೆ ಇಟ್ಟಿದ್ದಾರೆ ಎಂಬುದು ಅನುಮತಿಯಾಗದು.

ಹಾಗೆಂದು ಕೈಕಟ್ಟಿ ಕೂರಬೇಕಿಲ್ಲ. ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನ ಒಡೆತನ ಹೊಂದಿರುವ ವಿಜರ್ಡ್ಸ್ ಆಫ್ ದಿ ಕೋಸ್ಟ್, 2000ದಲ್ಲಿ ಮುಕ್ತ ಪರವಾನಗಿಯೊಂದನ್ನು ತಂದಿತ್ತು. 2023ರ ಆರಂಭದಲ್ಲಿ ಅದನ್ನು ಬಿಗಿ ಮಾಡಲು ಹೊರಟಾಗ ಆಟಗಾರರು ತಿರುಗಿಬಿದ್ದರು. ಕಂಪನಿ ಹಿಂದೆ ಸರಿಯಿತು. ಅಷ್ಟೇ ಅಲ್ಲ, ಅದೇ ವರ್ಷದ ಜನವರಿಯಲ್ಲಿ ಆಟದ ಮೂಲ ನಿಯಮಗಳ ಎಸ್‌ಆರ್‌ಡಿ 5.1 ಎಂಬ ಕಡತವನ್ನು ಕ್ರಿಯೇಟಿವ್ ಕಾಮನ್ಸ್ ಸಿಸಿ ಬೈ 4.0 ಪರವಾನಗಿಯಡಿ ಬಿಟ್ಟುಕೊಟ್ಟಿತು. 2025ರಲ್ಲಿ ಎಸ್‌ಆರ್‌ಡಿ 5.2 ಕೂಡ ಹಾಗೇ ಬಂತು. ಮೂಲ ಯಾವುದೆಂದು ಹೆಸರಿಸಿದರೆ ಅದನ್ನು ಸೈಟಿನಲ್ಲಿ ಇಡಬಹುದು, ಕನ್ನಡಕ್ಕೆ ತರಬಹುದು, ಮಾರಲೂಬಹುದು. ಅದರಲ್ಲಿ ಎಲ್ಲವೂ ಇಲ್ಲ. 5.1ರಲ್ಲಿ ಹನ್ನೆರಡು ವರ್ಗದ ಪಾತ್ರಗಳಿದ್ದರೂ ಪ್ರತಿಯೊಂದಕ್ಕೂ ಒಂದೇ ಉಪವರ್ಗ; ಬಿಹೋಲ್ಡರ್‌ನಂಥ ಹೆಸರಾಂತ ಜೀವಿಗಳ ಅಂಕಿಅಂಶ ಇಲ್ಲ. ಆದರೂ ಆಟ ನಡೆಸಲು ಧಾರಾಳ.

ಮನೆಯ ಹತ್ತಿರದ ಉದಾಹರಣೆಯೂ ಇದೇ ಪಾಠ ಹೇಳುತ್ತದೆ. ನಮ್ಮ ಕಾಯ್ದೆಯಲ್ಲಿ ಸಾಹಿತ್ಯ ಕೃತಿಯ ಹಕ್ಕು ಲೇಖಕರು ತೀರಿಕೊಂಡ ಬಳಿಕ 60 ವರ್ಷ. 1868ರಲ್ಲಿ ತೀರಿಕೊಂಡ ಮುಮ್ಮಡಿಯವರ ‘ಶ್ರೀತತ್ತ್ವನಿಧಿ’ಯ ಮೂಲ ಪಠ್ಯ ಎಂದೋ ಎಲ್ಲರದಾಗಿದೆ. ಆದರೆ ಅದಕ್ಕೆ ಈ ಕಾಲದವರು ಮಾಡಿದ ಅನುವಾದ, ಬರೆದ ಟಿಪ್ಪಣಿಗೆ ಬೇರೆಯದೇ ಹಕ್ಕು ಇರುತ್ತದೆ. ಚೌಕಾಬಾರದ ನಿಯಮವನ್ನು ನಿಮ್ಮ ಅಜ್ಜಿ ಹೇಳಿದಂತೆ ನಿಮ್ಮ ಮಾತಿನಲ್ಲಿ ಬರೆದು ಹಾಕಿದರೆ ಯಾರ ಅಪ್ಪಣೆಯೂ ಬೇಡ.

ತಪ್ಪು ಕಲ್ಪನೆ 10: “ಇದರಲ್ಲೆಲ್ಲ ಕನ್ನಡ ಬರೋದಿಲ್ಲ.”

ವಾಸ್ತವ: ಕಂಟೇನರ್‌ಗೆ ಭಾಷೆಯ ಹಂಗಿಲ್ಲ. ತೊಡಕು ನಮ್ಮ ಹಳೇ ಕಡತಗಳಲ್ಲಿದೆ. ನುಡಿ, ಬರಹದ ಹಳೇ ಆಸ್ಕಿ ಫಾಂಟುಗಳಲ್ಲಿ ಟೈಪಿಸಿದ ಪಠ್ಯವನ್ನು ಹಾಗೇ ಅಂಟಿಸಿದರೆ ಪುಟದ ತುಂಬ ಚಿತ್ರವಿಚಿತ್ರ ಅಕ್ಷರ ಕಾಣುತ್ತವೆ. ಮೊದಲು ಯೂನಿಕೋಡಿಗೆ ಪರಿವರ್ತಿಸಿಕೊಳ್ಳಬೇಕು. ಯೂನಿಕೋಡ್ ಇದ್ದರೂ ಬರೀ ಪಠ್ಯದ ಫೈಲುಗಳು ಬ್ರೌಸರಿನಲ್ಲಿ ಕೆಟ್ಟದಾಗಿ ಕಂಡರೆ ಎಂಜಿನ್‌ಎಕ್ಸ್ ಸೆಟ್ಟಿಂಗಿನಲ್ಲಿ ಯುಟಿಎಫ್-8 ಎಂದು ಒಂದು ಸಾಲು ಸೇರಿಸಿದರೆ ಸರಿಹೋಗುತ್ತದೆ.

ಹುಡುಕಾಟದಲ್ಲಿ ಇನ್ನೂ ನಯವಾದ ತೊಂದರೆಯೊಂದಿದೆ. ‘ಹಾಟ್‌ಸ್ಪಾಟ್’ನಂಥ ಪದದಲ್ಲಿ ಒತ್ತಕ್ಷರವಾಗದಂತೆ ತಡೆಯಲು ಕಣ್ಣಿಗೆ ಕಾಣದ ಒಂದು ಸಂಕೇತ ನಡುವೆ ಕೂತಿರುತ್ತದೆ. ಒಬ್ಬರು ಅದನ್ನು ಹಾಕಿ ಬರೆದು, ಇನ್ನೊಬ್ಬರು ಹಾಕದೆ ಹುಡುಕಿದರೆ ಸೈಟು ‘ಇಲ್ಲ’ ಎನ್ನುತ್ತದೆ. ಹುಡುಕುವ ಮುನ್ನ ಎರಡೂ ಕಡೆಯಿಂದ ಆ ಸಂಕೇತ ತೆಗೆದುಹಾಕುವಂತೆ ಬರೆದರೆ ಮುಗಿಯಿತು.

ಇಷ್ಟಾದರೆ ನಿಜವಾದ ಸುಖ ಶುರು. ಸಿಡಿಲು ಮಲ್ಲಿಕಾರ್ಜುನನ ಬೆಟ್ಟದಪುರ, ಧುಮ್ಮಿಕ್ಕುವ ಕಾವೇರಿಯ ಚುಂಚನಕಟ್ಟೆ, ಹುಣಸೂರಿನ ಲಕ್ಷ್ಮಣತೀರ್ಥ, ನಾಗರಹೊಳೆಯ ಕಾಡುದಾರಿ: ಕತೆಗೆ ಜಾಗ ಹುಡುಕಿ ಯುರೋಪಿಗೆ ಹೋಗಬೇಕಿಲ್ಲ. ನೀವೇ ಕಟ್ಟಿದ ಜೀವಿ, ಆಯುಧ, ಊರುಗಳನ್ನು ಮುಕ್ತ ನಿಯಮದ ಪಕ್ಕದಲ್ಲೇ ಕನ್ನಡದಲ್ಲಿ ಸೇರಿಸಬಹುದು. ಇದು ಬೇರೆಯವರ ಸೈಟಿನಲ್ಲಿ ಸಿಗದ ಸ್ವಾತಂತ್ರ್ಯ. ಕಾಡಿನ ಜನರ ದೇವರು, ಆಚರಣೆಗಳನ್ನು ರಾಕ್ಷಸರ ಪಟ್ಟಿಗೆ ಸೇರಿಸದಿರುವ ವಿವೇಕವೂ ಜೊತೆಗಿರಲಿ. ಹಾಡಿಯ ಜೇನುಕುರುಬರು, ಬೆಟ್ಟಕುರುಬರು ನಮ್ಮ ನೆರೆಯವರು.

ತಪ್ಪು ಕಲ್ಪನೆ 11: “ನಮ್ಮ ಗುಂಪಿನಲ್ಲಿ ಒಬ್ಬನಿಗೆ ಗೊತ್ತಲ್ಲ, ಸಾಕು.”

ವಾಸ್ತವ: ಆ ಒಬ್ಬನಿಗೆ ಬೆಂಗಳೂರಿನಲ್ಲಿ ಕೆಲಸ ಸಿಗುತ್ತದೆ. ಈ ನಾಲ್ಕು ತಾಲ್ಲೂಕುಗಳಲ್ಲಿ ಕಂಪ್ಯೂಟರ್ ಬಲ್ಲ ಹುಡುಗ, ಹುಡುಗಿಯರ ದಾರಿ ಬಹುಪಾಲು ಅದೇ. ಆಮೇಲೊಂದು ಸಂಜೆ ಗಾಳಿಮಳೆಗೆ ಕರೆಂಟ್ ಹೋಗುತ್ತದೆ. ಕಂಟೇನರ್ ತಾನೇ ಮತ್ತೆ ಏಳಲು ಕಂಪೋಸ್ ಫೈಲಿನಲ್ಲಿ ‘ಅನ್‌ಲೆಸ್ ಸ್ಟಾಪ್ಡ್’ ಎಂದು ರೀಸ್ಟಾರ್ಟ್ ನಿಯಮ ಬರೆದಿರಬೇಕು, ಯಂತ್ರ ಏಳುವಾಗ ಡಾಕರ್ ಸೇವೆಯೂ ಏಳುವಂತಿರಬೇಕು. ಬರೆಯದಿದ್ದರೆ ಸೈಟು ಮಲಗಿಯೇ ಇರುತ್ತದೆ. ರಾಸ್ಪ್‌ಬೆರಿ ಪೈ ಆಗಿದ್ದರೆ ಇದ್ದಕ್ಕಿದ್ದಂತೆ ಕರೆಂಟ್ ಹೋದದ್ದಕ್ಕೆ ಮೆಮೊರಿ ಕಾರ್ಡೇ ಕೆಟ್ಟಿರಬಹುದು. ಪಾಸ್‌ವರ್ಡ್ ಯಾರಿಗೂ ಗೊತ್ತಿಲ್ಲ. ಗುಂಪು ಮತ್ತೆ ಬೇರೆಯವರ ಸೈಟಿಗೆ ಮರಳುತ್ತದೆ. ಹಳೇ ಲ್ಯಾಪ್‌ಟಾಪ್ ಅಟ್ಟ ಸೇರುತ್ತದೆ.

ಕಂಟೇನರ್‌ನ ನಿಜವಾದ ಉಪಕಾರ ಇಲ್ಲಿದೆ. ಸೈಟು ಹೇಗೆ ಎದ್ದು ನಿಲ್ಲಬೇಕು ಎಂಬುದೆಲ್ಲ ಕಂಪೋಸ್ ಫೈಲಿನ ಹತ್ತಿಪ್ಪತ್ತು ಸಾಲುಗಳಲ್ಲಿ ಅಡಕವಾಗಿದೆ: ಯಾವ ಇಮೇಜ್, ಯಾವ ಆವೃತ್ತಿ, ಯಾವ ಪೋರ್ಟ್, ಯಾವ ಫೋಲ್ಡರ್. ಆ ಫೈಲು, ಇಮೇಜಿನ ಪ್ರತಿ, ನಿಮ್ಮ ಫೋಲ್ಡರಿನ ಪ್ರತಿ ಮೂರನ್ನೂ ಒಂದು ಪೆನ್‌ಡ್ರೈವಿಗೆ ಹಾಕಿ. ಯಂತ್ರದ ಪಾಸ್‌ವರ್ಡ್ ಎಲ್ಲಿದೆ, ರೂಟರಿನಲ್ಲಿ ಏನು ಬದಲಿಸಿದ್ದೀರಿ, ಯಾವ ಆಜ್ಞೆಯಿಂದ ಎಬ್ಬಿಸಬೇಕು ಎಂದು ಒಂದು ಹಾಳೆಯಲ್ಲಿ ಕನ್ನಡದಲ್ಲೇ ಬರೆದಿಡಿ.

ಬರೆದಿಟ್ಟರೆ ಸಾಲದು, ಪರೀಕ್ಷೆಯೂ ಆಗಬೇಕು. ಗುಂಪಿನಲ್ಲಿ ಇದರ ಗಂಧಗಾಳಿ ಇಲ್ಲದ ಒಬ್ಬರ ಕೈಗೆ ಡಾಕರ್ ಹಾಕಿದ ಬೇರೊಂದು ಲ್ಯಾಪ್‌ಟಾಪ್, ಆ ಪೆನ್‌ಡ್ರೈವ್, ಆ ಹಾಳೆ ಕೊಡಿ. ನೀವು ಪಕ್ಕದಲ್ಲಿ ಬಾಯಿ ಮುಚ್ಚಿ ಕೂತಿರಿ. ಅವರು ತಡವರಿಸಿದ ಕಡೆ ಹಾಳೆಯನ್ನು ತಿದ್ದಿ, ಅವರನ್ನಲ್ಲ. ನಿಮ್ಮನ್ನು ಏನೂ ಕೇಳದೆ ಅವರು ಸೈಟು ಎಬ್ಬಿಸಿದ ದಿನ ಅದು ಗುಂಪಿನದಾಯಿತು. ಅಲ್ಲಿಯವರೆಗೆ ಅದು ನಿಮ್ಮೊಬ್ಬರ ಹವ್ಯಾಸ, ಅಷ್ಟೇ.